ಬದು ಮರೆತ ಇರುವೆಗಳು

ಬಳ್ಳಾರಿಯ ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟೂವರೆ ದಾಟಿದರೆ ಹೊರಗೆ ಕೂರುವ ಮಾತೇ ಇಲ್ಲ. ಕೋಟೆ ಗುಡ್ಡದ ಬಂಡೆ ಒಮ್ಮೆ ಕಾದರೆ ಊರಿಗೆ ಊರೇ ರೊಟ್ಟಿ ಹಂಚು. ಅದಕ್ಕೇ ಏಳೂವರೆಗೆ ಕೌಲ್ ಬಜಾರಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು, ಪೇಪರಿನಲ್ಲಿ ಕಟ್ಟಿಸಿ ತಂದ ಒಗ್ಗಾಣಿ ತಿನ್ನುವುದು ನನ್ನ ಭಾನುವಾರದ ರೂಢಿ. ಜೊತೆಗೆ ಎರಡು ಮಿರ್ಚಿ. ಹೋದ ತಿಂಗಳು ಹೀಗೇ ಕೂತಿದ್ದಾಗ ಒಂದು ಮಂಡಾಳು, ಅಂದರೆ ಮಂಡಕ್ಕಿ ಕಾಳು, ಕೆಳಗೆ ಬಿತ್ತು. ಎಲ್ಲಿಂದಲೋ ಒಂದು ಕರಿ ಇರುವೆ ಬಂತು. ಉದ್ದ ಕಾಲು, ಮೈಗಿಂತ ಉದ್ದ ಅನ್ನಿಸುವ ಮೀಸೆ. ನೆಟ್ಟಗೆ ನಡೆಯೋ ಜಾತಿಯೇ ಅಲ್ಲ ಅದು. ಕೀಲಿ ಕಳೆದುಕೊಂಡವರು ಹುಡುಕಾಡಿದ ಹಾಗೆ ಅತ್ತ ಇತ್ತ ಓಡಿ, ಮಂಡಾಳಿಗೆ ಡಿಕ್ಕಿ ಹೊಡೆದು, ವಾಪಸ್ ಓಡಿತು. ನಾನು ಎರಡನೇ ಮಿರ್ಚಿಗೆ ಕೈ ಹಾಕುವಷ್ಟರಲ್ಲಿ ಹದಿನೈದು ಇರುವೆಗಳು ಮಂಡಾಳನ್ನು ಹೊತ್ತು ಹೊರಟಿದ್ದವು.

ಹೊತ್ತಿದ್ದೇನೋ ಸರಿ. ಆದರೆ ಯಾರು ಯಾವ ಕಡೆ ಎಳೆಯುತ್ತಿದ್ದಾರೆ ಅನ್ನೋದು ಅವಕ್ಕೇ ಗೊತ್ತಿದ್ದಂತೆ ಕಾಣಲಿಲ್ಲ. ಮೆಟ್ಟಿಲ ಅಂಚಿಗೆ ಹೋಗಿ ನಿಂತವು. ಹಿಂದೆ ಬಂದವು. ಸುತ್ತು ಹಾಕಿದವು. ಹೊಸದಾಗಿ ಒಂದು ಇರುವೆ ಬಂದು ಕಚ್ಚಿ ಹಿಡಿದಾಗ ಇಡೀ ಗುಂಪು ಅದರ ಕಡೆ ತಿರುಗಿತು. ಆಮೇಲೆ ಓದಿದೆ, ಇಸ್ರೇಲಿನ ವೈಜ್ಮನ್ ಸಂಸ್ಥೆಯ ಓಫರ್ ಫೈನರ್‌ಮನ್ ಮತ್ತು ಜೊತೆಗಾರರು 2015ರಲ್ಲಿ ಇದೇ ಜಾತಿಯ, ಉದ್ದ ಮೀಸೆಯ ಹುಚ್ಚು ಇರುವೆ ಅಂತ ಕರೆಯುವ ಇರುವೆಗಳ ಮೇಲೆ ಇದನ್ನೇ ನೋಡಿ ಬರೆದಿದ್ದಾರೆ. ಅವರು ಕೊಟ್ಟಿದ್ದು ಮಂಡಾಳಲ್ಲ, ಹಾಲಿಗೆ ಹಾಕಿಕೊಂಡು ತಿನ್ನುವ ಬಳೆಯಾಕಾರದ ಧಾನ್ಯದ ತಿನಿಸು. ಹೊಸದಾಗಿ ಕೈ ಹಾಕಿದ ಇರುವೆಗೆ ಗೂಡಿನ ದಾರಿ ಗೊತ್ತಿರುತ್ತದೆ. ಹತ್ತಿಪ್ಪತ್ತು ಸೆಕೆಂಡು ಅದು ಹೇಳಿದ್ದೇ ದಾರಿ. ಆಮೇಲೆ ಅದೂ ಬರೀ ಹೊರೋ ಆಳು. ಮುಂದಿನವರು ಬರುವ ತನಕ. ಯಜಮಾನಿಕೆ ಇಷ್ಟು ಬೇಗ ಕೈ ಬದಲಾಗುವ ಸಂಘ ನಮ್ಮ ಕಡೆ ಒಂದೂ ಇಲ್ಲ.

ಆದರೆ ನನ್ನ ತಲೆಯಲ್ಲಿ ಕೊರೆಯತೊಡಗಿದ್ದು ಮಂಡಾಳಿನ ವಿಷಯ ಅಲ್ಲ. ಆ ಹದಿನೈದರಲ್ಲಿ ಕೆಲವು ಬಚ್ಚಲ ಮೋರಿ ಸಂದಿಯಿಂದ ಬಂದಿದ್ದವು. ಕೆಲವು ತುಳಸಿ ಕುಂಡದ ಕೆಳಗಿಂದ. ಎರಡು ಕಡೆಯವೂ ಎದುರಾದವು, ಮೀಸೆ ತಾಗಿಸಿದವು, ಒಂದೇ ಮಂಡಾಳಿಗೆ ಕೈ ಹಾಕಿದವು. ಜಗಳ ಇಲ್ಲ. ಇದು ನಾನು ಚಿಕ್ಕಂದಿನಲ್ಲಿ ಕಂಡ ಇರುವೆ ಅಲ್ಲ. ಕುಷ್ಟಗಿ ಕಡೆಯ ನಮ್ಮೂರಲ್ಲಿ ಕಣದ ಪಕ್ಕ ಜೋಳದ ಕಾಳು ಸಾಗಿಸುವ ಇರುವೆ ಗೂಡುಗಳಿದ್ದವು. ಬಾಯಿಯ ಸುತ್ತ ಹೊಟ್ಟಿನ ಉಂಗುರ. ನಾವು ಹುಡುಗರು ಒಂದು ಗೂಡಿನ ಇರುವೆಯನ್ನು ಬೆಂಕಿಪೊಟ್ಟಣದಲ್ಲಿ ಹಿಡಿದು, ಇಪ್ಪತ್ತು ಹೆಜ್ಜೆ ಆಚೆಯ ಗೂಡಿನ ಬಾಯಿಗೆ ಬಿಡುತ್ತಿದ್ದೆವು. ಎರಡು ನಿಮಿಷ ಸಾಕಾಗಿತ್ತು. ಒಂದು ಕಾಲು ಒಬ್ಬರ ಬಾಯಲ್ಲಿ, ಇನ್ನೊಂದು ಇನ್ನೊಬ್ಬರ ಬಾಯಲ್ಲಿ. ಅದೇ ಜಾತಿ, ಅದೇ ಬಣ್ಣ, ಅದೇ ಹೊಲ. ಅವ್ವ ನೋಡಿದರೆ ಬೆನ್ನ ಮೇಲೆ ಬೀಳುತ್ತಿತ್ತು. "ಇರಿವಿಗೂ ಜೀವ ಐತಲೇ" ಅಂತ ಬೈದು, ಎರಡೂ ಗೂಡಿಗೆ ಒಂದೊಂದು ಚಿಟಿಕೆ ಹಿಟ್ಟು ಉದುರಿಸಿ ಹೋಗುತ್ತಿದ್ದಳು.

ಹಾಗಾದರೆ ಬಳ್ಳಾರಿಯ ಈ ಇರುವೆಗಳು ಯಾಕೆ ಹೊಡೆದಾಡಲಿಲ್ಲ?

ಬದು ಅಂದರೆ ವಾಸನೆ

ಇರುವೆಗೆ ಬದು ಕಣ್ಣಿಗೆ ಕಾಣುವ ಕಲ್ಲಲ್ಲ. ಅದರ ಮೈ ಮೇಲೆ ಮೇಣದಂಥ ಒಂದು ತೆಳು ಪದರ ಇರುತ್ತದೆ. ಒಂದು ಗೂಡಿನವರ ಪದರಕ್ಕೆ ಒಂದು ವಾಸನೆ. ಮೀಸೆ ತಾಗಿಸಿದರೆ ಗೊತ್ತಾಗುತ್ತದೆ, ನಮ್ಮವನಾ, ಬೇರೆಯವನಾ ಅಂತ. ಬೇರೆ ಅಂದರೆ ಕಚ್ಚಾಟ. ಹೆಚ್ಚಿನ ಜಾತಿಗಳಲ್ಲಿ ಇರುವೆಗೆ ದೊಡ್ಡ ಶತ್ರು ಹಲ್ಲಿಯೂ ಅಲ್ಲ, ನಾವೂ ಅಲ್ಲ, ಪಕ್ಕದ ಗೂಡಿನ ಇರುವೆ. ದುಡಿಮೆಯ ಅರ್ಧ ಈ ಗಡಿ ಕಾಯುವುದರಲ್ಲೇ ಹೋಗುತ್ತದೇನೋ ಅನ್ನಿಸುವಷ್ಟು.

ಬಳ್ಳಾರಿಯ ಇರುವೆಯ ಹಾಗೇ ಬದು ಮರೆತ ಅರ್ಜೆಂಟೀನಾ ಇರುವೆಯ ಕತೆ ಈಗ ಕೇಳಿ. ಎರಡು ಮೂರು ಮಿಲಿಮೀಟರಿನ ಕಂದು ಇರುವೆ. ಕೊಂಡಿ ಇಲ್ಲ, ನೋಡಲು ಪಾಪ. ತವರು ದಕ್ಷಿಣ ಅಮೆರಿಕದ ಪರಾನಾ ನದಿಯ ಬಯಲು. ಅಲ್ಲಿ ಅದು ನಮ್ಮ ಕಣದ ಇರುವೆಯ ಹಾಗೇ. ಪಕ್ಕದ ಗುಂಪಿನ ಜೊತೆ ಸದಾ ಜಗಳ. 1891ರ ಹೊತ್ತಿಗೆ ಹಡಗಿನ ಸರಕಿನ ಜೊತೆ ಅಮೆರಿಕದ ನ್ಯೂ ಆರ್ಲಿಯನ್ಸಿಗೆ ಬಂತು. ಕ್ಯಾಲಿಫೋರ್ನಿಯಾ, ಯುರೋಪು, ಜಪಾನಿಗೂ ಹಬ್ಬಿತು. 2002ರಲ್ಲಿ ಯುರೋಪಿನ ವಿಜ್ಞಾನಿಗಳು ಇಟಲಿಯಿಂದ ಸ್ಪೇನ್, ಪೋರ್ಚುಗಲ್ ಕರಾವಳಿವರೆಗೆ ಗೂಡು ಗೂಡು ನೋಡುತ್ತಾ ಹೋದರು. ಒಂದು ಕಡೆಯ ಇರುವೆಯನ್ನು ಇನ್ನೊಂದು ಕಡೆಯದರ ಎದುರು ಬಿಡುವುದು, ಅಂದರೆ ನಮ್ಮ ಬೆಂಕಿಪೊಟ್ಟಣದ ಆಟವೇ. ಸುಮಾರು 6,000 ಕಿಲೋಮೀಟರ್ ಉದ್ದಕ್ಕೂ ಕಚ್ಚಾಟ ಇಲ್ಲ. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗುವ ದೂರವನ್ನು ಇಪ್ಪತ್ತು ಸಲ ಜೋಡಿಸಿಕೊಳ್ಳಿ. ಅಷ್ಟೂ ಒಂದೇ ಮನೆ. 2009ರಲ್ಲಿ ಜಪಾನ್, ಕ್ಯಾಲಿಫೋರ್ನಿಯಾ, ಯುರೋಪು, ಮೂರೂ ಕಡೆಯ ದೊಡ್ಡ ಗುಂಪುಗಳ ಇರುವೆಗಳನ್ನು ಎದುರುಬದುರು ಬಿಟ್ಟು ನೋಡಿದರು. ಮೀಸೆ ತಾಗಿಸಿಕೊಂಡು ಸುಮ್ನೆ ಇದ್ದವು.

ಇದು ಹೇಗಾಯಿತು ಅನ್ನುವುದಕ್ಕೆ ಒಂದು ವಿವರಣೆ ಹೀಗಿದೆ. ಹಡಗು ಹತ್ತಿ ಬಂದವು ಕೆಲವೇ ಕೆಲವು. ಊರ ತುಂಬ ಇದ್ದ ನೂರೆಂಟು ವಾಸನೆ ಹಡಗು ಹತ್ತಲಿಲ್ಲ. ಬಂದ ಕೆಲವರ ಮಕ್ಕಳು ಮೊಮ್ಮಕ್ಕಳ ಮೈಯೆಲ್ಲ ಹತ್ತಿರ ಹತ್ತಿರ ಒಂದೇ ವಾಸನೆ. ಯಾರನ್ನು ಮುಟ್ಟಿದರೂ ನಮ್ಮವರೇ. ಇನ್ನು ಕೆಲವರು, ಅಷ್ಟೇ ಅಲ್ಲ, ಹೊಸ ಜಾಗದಲ್ಲಿ ಜಗಳ ಆಡದ ಗುಂಪೇ ಹೆಚ್ಚು ಬೆಳೆಯಿತು, ಅದಕ್ಕೇ ಅಪರೂಪದ ವಾಸನೆಗಳು ಅಳಿಸಿಹೋದವು ಅನ್ನುತ್ತಾರೆ. ಯಾವುದೇ ಆಗಲಿ, ಗಡಿ ಕಾಯುವ ಆಳುಗಳೆಲ್ಲ ಈಗ ಊಟ ತರಲು, ಮರಿ ಸಾಕಲು ಖಾಲಿ. ಸ್ಥಳೀಯ ಇರುವೆ ಒಂದು ಗೂಡಿನಿಂದ ನೂರು ಆಳು ಕಳಿಸಿದರೆ ಇವು ಹತ್ತು ಗೂಡಿನಿಂದ ಕಳಿಸುತ್ತವೆ. ಒಬ್ಬೊಬ್ಬರ ಕುಸ್ತಿಯಲ್ಲಿ ಸೋಲುವ ಪುಟ್ಟ ಇರುವೆ ಹೀಗೆ ಗೆಲ್ಲುತ್ತದೆ. ಹಾಗಂತ ಇವು ಸಾಧು ಆಗಿಬಿಟ್ಟವು ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಬಳಿ ಇದೇ ಜಾತಿಯ ಎರಡು ಬೇರೆ ಬೇರೆ ಮಹಾಗುಂಪುಗಳ ಗಡಿ ಕೂಡುತ್ತದೆ. ಅಲ್ಲಿ ಇರುವೆ ಹೆಣಗಳ ಸಾಲೇ ಬೀಳುತ್ತದೆ. ಕಚ್ಚುವುದನ್ನು ಅವು ಮರೆತಿಲ್ಲ. ಯಾರನ್ನು ಕಚ್ಚಬೇಕು ಅನ್ನೋದು ಬದಲಾಗಿದೆ ಅಷ್ಟೆ.

ತಗಡಿನ ಶೆಡ್ಡು

ಇದನ್ನು ಓದುವಾಗ ನನಗೆ ನೆನಪಾಗಿದ್ದು ಗುಳೆ ಹೋದ ವರ್ಷ. ಗುಳೆ ಅಂದರೆ ಏನು ಅಂತ ರಾಯಚೂರು, ಕೊಪ್ಪಳದವರಿಗೆ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟಿತ್ತು. ಅಪ್ಪ, ಅವ್ವ ಮೊದಲೇ ಬೆಂಗಳೂರು ಸೇರಿದ್ದರು. ಆರನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ನಾನೂ ಹೋದೆ. ಯಲಹಂಕದ ಕಡೆ ಒಂದು ದೊಡ್ಡ ಬಿಲ್ಡಿಂಗ್ ಏಳುತ್ತಿತ್ತು. ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ಮೊದಲ ದಿನ ಒಳಗೆ ಕಾಲಿಟ್ಟವನು ಹೆದರಿ ನಿಂತುಬಿಟ್ಟೆ. ನಮ್ಮ ಒಲೆಯ ಮುಂದೆ ಕಾಕಾ ಕೂತಿದ್ದ.

ಈ ಕಾಕಾ ಅಪ್ಪನ ದೊಡ್ಡಪ್ಪನ ಮಗ. ಹೊಲದ ಬದು ಒಂದು ಸಾಲು ಆಚೆ ಸರಿದದ್ದಕ್ಕೆ ಶುರುವಾದ ಜಗಳ. ಏಳು ವರ್ಷ ಮಾತು ಬಿಟ್ಟಿದ್ದರು. ಊರಲ್ಲಿ ಅವರ ಮನೆ ಮುಂದೆ ಹಾಯ್ದು ಹೋಗಬಾರದು ಅಂತ ನಮಗೆ ಹೇಳಿಕೊಟ್ಟಿದ್ದರು. ಈಗ ಅದೇ ಕಾಕಾ ನಮ್ಮ ತಾಟಿನಲ್ಲಿ ರೊಟ್ಟಿ ಮುರಿಯುತ್ತಿದ್ದ. ಚಿಗವ್ವ ಊರಿಂದ ತಂದ ಅಗಸಿ ಹಿಂಡಿಯನ್ನು ಅವ್ವನ ಅಂಗೈಗೆ ಹಾಕುತ್ತಿದ್ದಳು. ಎರಡು ಶೆಡ್ಡಿನ ನಡುವಿನ ತಗಡನ್ನೇ ತೆಗೆದುಹಾಕಿದ್ದರು. ಗಾಳಿ ಆಡಲಿ ಅಂತ. ಒಂದು ಸಂಜೆ ನಲ್ಲಿಯ ಹತ್ತಿರ ಬೇರೆ ಕಡೆಯ ಕೂಲಿಯವರು ಕಾಕಾನ ಕೊಡ ಪಕ್ಕಕ್ಕೆ ಎತ್ತಿಟ್ಟರು. ಮಾತಿಗೆ ಮಾತು ಬೆಳೆಯಿತು. ಅಪ್ಪ ಸಿಮೆಂಟು ಕೈಯಲ್ಲೇ ಓಡಿಬಂದು ಎದೆ ಕೊಟ್ಟು ನಿಂತ. "ನಮ್ಮೂರಾವ ಅಂವ" ಅಂದ. ಅಷ್ಟೇ ಮಾತು. ಊರಲ್ಲಿ ಅಪ್ಪನ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿರಲೇ ಇಲ್ಲ. ಈಗ ಯೋಚಿಸಿದರೆ, ಬರುವ ಹಾಗೂ ಇರಲಿಲ್ಲ. ಊರಲ್ಲಿ ಎಲ್ಲರೂ ನಮ್ಮೂರವರೇ. ಅಲ್ಲಿ ಆ ಮಾತಿನಿಂದ ಯಾರನ್ನೂ ಯಾರಿಂದಲೂ ಬೇರೆ ಮಾಡಲು ಬರುವುದಿಲ್ಲ. ಅದಕ್ಕೆ ಓಣಿ ಬೇಕು, ಮನೆತನ ಬೇಕು, ಬದು ಬೇಕು. ಬೆಂಗಳೂರಿಗೆ ಬಂದ ನಾಲ್ಕೇ ಮನೆಗಳ ನಡುವೆ ಆ ಸಣ್ಣ ಸಣ್ಣ ವಾಸನೆಗಳಿಗೆ ಕೆಲಸ ಇರಲಿಲ್ಲ. ಉಳಿದದ್ದು ಊರಿನ ಒಂದೇ ವಾಸನೆ.

ಜಾತ್ರೆಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ವಾಪಸ್ ಬಂದೆವು. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಕಾನೇ ಎಲ್ಲರಿಗೂ ಚಹಾ ಕುಡಿಸಿದ. ಅಲ್ಲಿಂದ ಟಂಟಂ. ಊರ ಅಗಸಿ ಬಾಗಿಲ ಹತ್ತಿರ ಇಳಿದವರೇ ಅವರು ಎಡಕ್ಕೆ ಹೋದರು, ನಾವು ಬಲಕ್ಕೆ. ಹೋಗಿ ಬರ್ತೀವಿ ಅಂತಲೂ ಯಾರೂ ಹೇಳಲಿಲ್ಲ. ಮಾರನೆ ದಿನ ಬೋರಿಂಗ್ ಹತ್ತಿರ ಚಿಗವ್ವ ಸಿಕ್ಕಳು. ನಾನು ಖುಷಿಯಿಂದ "ಚಿಗವ್ವ" ಅಂತ ಕೂಗಿದೆ. ಅವಳು ಕೊಡದ ಬಾಯಿ ನೋಡುತ್ತಾ ನಿಂತಳು. ಅವ್ವ ನನ್ನ ತೋಳು ಚಿವುಟಿ "ಸುಮ್ನ ನಡಿ" ಅಂದಳು.

ಪಾಲಾದರೂ ಮಾತು ಬಿಡದವರು

ನಮ್ಮ ಮನೆಯಲ್ಲಿ ಇನ್ನೊಂದು ಇರುವೆಯೂ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಹಳದಿ ಕಂದು. ಫೇರೋ ಇರುವೆ ಇರಬೇಕು. ಅಪ್ಪ ಒಮ್ಮೆ ಆಸ್ಪತ್ರೆಯಲ್ಲಿದ್ದಾಗ ಸಲಾಯಿನ್ ನಳಿಗೆಯ ಪಕ್ಕ ಇಂಥದ್ದೇ ಸಾಲು ಕಂಡು ಗಾಬರಿಯಾಗಿದ್ದೆ. ನರ್ಸಮ್ಮ "ಅವು ಇದ್ದದ್ದೇ ಬಿಡಪ್ಪ" ಅಂದಿದ್ದರು. ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ಗೋಳು ಅಂತ ಆಗ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಇದು ಕಂಡಾಗ ನಾನು ಎಲ್ಲರ ಹಾಗೆ ವಿಷದ ಬಳಪ ತಂದು ಗೀಟು ಎಳೆದೆ, ಮೇಲೆ ಸ್ಪ್ರೇ ಹೊಡೆದೆ. ಒಂದು ವಾರ ನೆಮ್ಮದಿ. ಆಮೇಲೆ ಸ್ವಿಚ್‌ಬೋರ್ಡಿನಿಂದ ಒಂದು ಸಾಲು, ದೇವರ ಗೂಡಿನಿಂದ ಒಂದು, ಬಾಗಿಲ ಚೌಕಟ್ಟಿನಿಂದ ಒಂದು. ಒಂದಿದ್ದದ್ದು ಮೂರಾಗಿತ್ತು.

ತಪ್ಪು ನನ್ನದೇ. ಸಾಮಾನ್ಯವಾಗಿ ಇರುವೆಗಳು ಹೊಸ ಸಂಸಾರ ಹೂಡುವುದು ಹೀಗೆ: ರೆಕ್ಕೆ ಬಂದ ರಾಣಿಗಳು ಹಾರಿ, ಗಂಡಿನ ಜೊತೆ ಕೂಡಿ, ಎಲ್ಲೋ ಇಳಿದು ಒಬ್ಬೊಬ್ಬರೇ ಮಣ್ಣು ತೋಡುತ್ತವೆ. ಹೆಚ್ಚಿನವು ಹಕ್ಕಿ, ಹಲ್ಲಿ ಬಾಯಿಗೆ. ಸರಕಿನ ಜೊತೆ ಊರೂರಿಗೆ ಹಬ್ಬುವ ಈ ಅಲೆಮಾರಿ ಜಾತಿಗಳು, ನನ್ನ ಮೆಟ್ಟಿಲ ಕರಿ ಇರುವೆಯೂ ಸೇರಿ, ಆ ಜೂಜು ಆಡುವುದಿಲ್ಲ. ಗೂಡಿನಲ್ಲಿ ಒಂದಲ್ಲ, ಹಲವು ರಾಣಿಯರು. ತೊಂದರೆ ಕಂಡರೆ ಒಂದಿಷ್ಟು ಆಳುಗಳು ಒಬ್ಬ ರಾಣಿಯನ್ನು ಕರೆದುಕೊಂಡು, ಮೊಟ್ಟೆ ಮರಿ ಕಚ್ಚಿಕೊಂಡು ನಡೆದೇ ಹೊರಟುಬಿಡುತ್ತವೆ. ಫೇರೋ ಇರುವೆಗೆ ರಾಣಿಯೂ ಬೇಕಿಲ್ಲ. ಮರಿಗಳಿದ್ದರೆ ಅವುಗಳಲ್ಲೇ ಹೊಸ ರಾಣಿ ಬೆಳೆಸಿಕೊಳ್ಳುತ್ತವೆ. ನಾನು ಸ್ಪ್ರೇ ಹೊಡೆದದ್ದು ಪಾಲು ಮಾಡಿಕೊಳ್ಳಿ ಅಂತ ಹೇಳಿದ ಹಾಗಾಯಿತು. ನಮ್ಮಲ್ಲಿ ಪಾಲಾದರೆ ಮೊದಲು ಒಲೆ ಬೇರೆ, ಆಮೇಲೆ ಮಾತು ಬೇರೆ. ಇವುಗಳಲ್ಲಿ ಒಲೆ ಮಾತ್ರ ಬೇರೆ. (ಸ್ಪ್ರೇ ಬದಲು ನಿಧಾನ ವಿಷ ಬೆರೆಸಿದ ತಿನಿಸು ಇಟ್ಟರೆ ಅವೇ ಹೊತ್ತುಕೊಂಡು ಹೋಗಿ ಮನೆಮಂದಿಗೆಲ್ಲ ಹಂಚುತ್ತವೆ. ಕೆಲಸ ಆಗುವುದು ಅದರಿಂದಲೇ. ನನಗಿನ್ನೂ ಮನಸ್ಸು ಬಂದಿಲ್ಲ.)

ದಾರಿ ವಿಷಯದಲ್ಲೂ ಇವು ಜಾಣ. ಊಟ ಸಿಕ್ಕ ದಾರಿಗೆ ವಾಸನೆ ಬಳಿಯುವುದು ಬಹಳ ಇರುವೆಗಳಿಗೆ ಗೊತ್ತು. ಫೇರೋ ಇರುವೆ ಊಟ ಇಲ್ಲದ ಕವಲಿಗೂ ಒಂದು ಗುರುತು ಬಳಿಯುತ್ತದೆ, ಇತ್ತ ಬರಬೇಡಿ ಅಂತ. 2005ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು ಇದನ್ನು ತೋರಿಸಿದರು. ಗೊತ್ತಿಲ್ಲದ ಊರಲ್ಲಿ ಕೆಲಸ ಎಲ್ಲಿ ಸಿಗುವುದಿಲ್ಲ ಅಂತ ಹೇಳುವವರು ಸಿಕ್ಕರೆ ಎಷ್ಟು ಉಪಕಾರ ಅನ್ನೋದು ಲೇಬರ್ ಸರ್ಕಲ್ಲಿನಲ್ಲಿ ಬೆಳಿಗ್ಗೆ ನಿಂತವರಿಗೆ ಗೊತ್ತು.

ಏಡಿಗಳ ದ್ವೀಪ

ಇಲ್ಲಿಯವರೆಗೆ ಇರುವೆ ಪರವಾಗಿಯೇ ಬರೆದೆ ಅನ್ನಿಸುತ್ತಿದೆ. ಒಗ್ಗಟ್ಟಿನ ಕತೆ ಅಂದರೆ ನಮಗೆಲ್ಲ ಇಷ್ಟ. ಆದರೆ ಆ ಒಗ್ಗಟ್ಟಿನ ಎದುರಿಗೆ ನಿಂತವರ ಕತೆಯೂ ಇದೆ.

ಜಾವಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಕ್ರಿಸ್‌ಮಸ್ ದ್ವೀಪ ಅಂತ ಇದೆ, ಆಸ್ಟ್ರೇಲಿಯಾದ್ದು. ಕಾಡಿನ ತುಂಬ ಕೆಂಪು ಏಡಿಗಳು. ಮಳೆಗಾಲ ಶುರುವಾದಾಗ ಕೋಟಿಗಟ್ಟಲೆ ಏಡಿಗಳು ಕಾಡಿನಿಂದ ಸಮುದ್ರಕ್ಕೆ ನಡೆಯುತ್ತವೆ, ರಸ್ತೆಯೇ ಕೆಂಪಾಗುತ್ತದೆ. ಆ ಕಾಡಿಗೆ ಏಡಿಯೇ ಮಾಲಿ. ಬಿದ್ದ ಎಲೆ ತಿನ್ನುವುದು, ಸಸಿ ಕತ್ತರಿಸುವುದು, ನೆಲ ಚೊಕ್ಕಟ ಇಡುವುದು ಎಲ್ಲ ಅದರದ್ದೇ. ಹಳದಿ ಹುಚ್ಚು ಇರುವೆ ಅನ್ನುವ ಒಂದು ಜಾತಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಅಲ್ಲಿಗೆ ಬಂದು ಸೇರಿತ್ತು. ದಶಕಗಳ ಕಾಲ ಯಾರ ತಂಟೆಗೂ ಹೋಗಲಿಲ್ಲ. 1989ರಲ್ಲಿ ನೋಡಿದರೆ ಮಹಾಗುಂಪು ಕಟ್ಟಿಕೊಂಡಿತ್ತು. ಅದಕ್ಕೆ ಕೊಂಡಿ ಇಲ್ಲ. ಫಾರ್ಮಿಕ್ ಆಮ್ಲ ಚಿಮುಕಿಸುತ್ತದೆ. ದಾರಿಗೆ ಅಡ್ಡ ಬಂದ ಏಡಿಯ ಕಣ್ಣಿಗೆ, ಬಾಯಿಗೆ ಸಾವಿರ ಇರುವೆಗಳು ಚಿಮುಕಿಸಿದರೆ ಅಂಗೈ ಅಗಲದ ಏಡಿ ಕುರುಡಾಗಿ ಅಲ್ಲೇ ಸಾಯುತ್ತದೆ. ಹೀಗೆ ಸತ್ತವು ಕೋಟಿಗೂ ಹೆಚ್ಚು. ಇರುವೆಯೇ ಇಲ್ಲದ ಕಾಡಿನ ಏಡಿಗಳೂ ಕಡಲಿಗೆ ಹೋಗುವ ದಾರಿಯಲ್ಲಿ ಸತ್ತು, ಆ ಕಾಡುಗಳೂ ಖಾಲಿಯಾದವು.

ಇಷ್ಟು ಇರುವೆಗೆ ಊಟ ಎಲ್ಲಿಂದ ಅನ್ನುವುದು ಇನ್ನೂ ಸ್ವಾರಸ್ಯ. ನಮ್ಮ ಹತ್ತಿ, ದಾಸವಾಳ ಬೆಳೆದವರಿಗೆ ಹಿಟ್ಟು ತಿಗಣೆ ಗೊತ್ತು. ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಅದನ್ನು ನೆಕ್ಕುತ್ತದೆ. ಆ ದ್ವೀಪದಲ್ಲೂ ಮರಗಳ ಮೇಲೆ ಇಂಥ ಶಲ್ಕ ಕೀಟಗಳಿದ್ದವು, ಅವೂ ಹೊರಗಿಂದ ಬಂದವೇ. ಇರುವೆ ಅವನ್ನು ದನ ಕಾದ ಹಾಗೆ ಕಾದವು. ಹಾಲು ಹೆಚ್ಚಿತು, ಇರುವೆ ಹೆಚ್ಚಿತು, ದನವೂ ಹೆಚ್ಚಿದವು. ವರ್ಷಗಟ್ಟಲೆ ವಿಷದ ತಿನಿಸು ಹಾಕಿದ ಮೇಲೆ, 2016ರ ಡಿಸೆಂಬರಿನಲ್ಲಿ ಮಲೇಷ್ಯಾದಿಂದ ಒಂದು ಪುಟ್ಟ ಕಣಜ ತಂದು ಬಿಟ್ಟರು. ಅದು ಇರುವೆಯನ್ನು ಮುಟ್ಟುವುದಿಲ್ಲ. ಶಲ್ಕ ಕೀಟದೊಳಗೆ ಮೊಟ್ಟೆ ಇಡುತ್ತದೆ. ಇರುವೆಯ ಜೊತೆ ಹೊಡೆದಾಡುವುದು ಬಿಟ್ಟು ಅದರ ಕೊಟ್ಟಿಗೆಗೆ ಕೈ ಹಾಕಿದರು. ಈ ಇರುವೆ ದೂರದ್ದೇನೂ ಅಲ್ಲ. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂತಮಲೈ ಕಾಡಂಚಿನ ಹಳ್ಳಿಗಳಲ್ಲಿ ಇದರ ಕಾಟಕ್ಕೆ ಜನ ದನ ಕರು ಬಿಡಲೂ ಹೆದರುವಂತಾಗಿತ್ತು.

ನಮ್ಮೂರ ಹೆಸರಿನ ಮುಳ್ಳು

ಈ ಹೋಲಿಕೆ ಬರೆಯುತ್ತಾ ನನಗೇ ಒಂದು ಕಸಿವಿಸಿ ಇದೆ. ಗುಳೆ ಹೋದವರನ್ನು ಇರುವೆಗೆ ಹೋಲಿಸುವುದು ಬೇರೆಯವರ ಬಾಯಲ್ಲಿ ಚೆನ್ನಾಗಿರುವುದಿಲ್ಲ. ಯಲಹಂಕದಲ್ಲಿ ಪಕ್ಕದ ಬಡಾವಣೆಯ ಹೆಂಗಸು "ಇವ್ರು ಬಂದ್ರೆ ಇರುವೆ ಥರ ಬರ್ತಾರೆ" ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹೊರಗಿನದು, ಒಳಗಿನದು ಅನ್ನುವ ಲೆಕ್ಕವೂ ನಾವು ಅಂದುಕೊಂಡಷ್ಟು ಸಲೀಸಲ್ಲ. ನಮ್ಮ ಬಯಲಿನ ತುಂಬ ಇರುವ ಜಾಲಿಯನ್ನೇ ನೋಡಿ. ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆಯ ಗಿಡ. ಕರ್ನಾಟಕದ ಬಹಳ ಕಡೆ ಜನ ಅದಕ್ಕೆ ಇಟ್ಟ ಹೆಸರು ಬಳ್ಳಾರಿ ಜಾಲಿ! ಕೆರೆ, ಹೊಲ ನುಂಗಿದ ಮುಳ್ಳಿಗೆ ನಮ್ಮ ಊರೇ ತವರು ಆಗಿಬಿಟ್ಟಿದೆ. ಶೇಂಗಾ ಹೊಲದಲ್ಲಿ ಅವ್ವನ ಕಾಲಿಗೆ ಬೆಂಕಿ ಇಟ್ಟ ಹಾಗೆ ಕಚ್ಚುತ್ತಿದ್ದ ಕೆಂಪಿರುವೆಯೂ ಹೊರಗಿನದೇ ಇರಬೇಕು, ಉಷ್ಣವಲಯದ ಬೆಂಕಿ ಇರುವೆ ಅಂತ ಕರೆಯುವ ಜಾತಿ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರ ಹಡಗುಗಳು ಮೆಕ್ಸಿಕೋದ ಅಕಾಪುಲ್ಕೋದಿಂದ ಮನಿಲಾಕ್ಕೆ ಹೋಗುವಾಗ ಭಾರಕ್ಕೆ ತುಂಬಿಕೊಂಡ ಮಣ್ಣಿನಲ್ಲಿ ಅದು ಏಷ್ಯಾಕ್ಕೆ ಬಂತು ಅಂತ ಅದರ ವಂಶವಾಹಿ ನೋಡಿದವರು 2015ರಲ್ಲಿ ಹೇಳಿದರು. ಅವ್ವ ಕೀಳುತ್ತಿದ್ದ ಶೇಂಗಾವೂ ಸಮುದ್ರ ದಾಟಿ ಬಂದದ್ದೇ. ನನ್ನ ಕೈಯಲ್ಲಿದ್ದ ಮಿರ್ಚಿಯ ಮೆಣಸಿನಕಾಯಿಯೂ.

ಇನ್ನೊಂದು ವ್ಯತ್ಯಾಸವೂ ಇದೆ. ಅರ್ಜೆಂಟೀನಾ ಇರುವೆ ಜಾತ್ರೆಗೆ ಪರಾನಾ ನದಿಗೆ ವಾಪಸ್ ಹೋಗುವುದಿಲ್ಲ. ಅದಕ್ಕೆ ಅಗಸಿ ಇಲ್ಲ, ಎಡ ಬಲ ಇಲ್ಲ. ನಾವು ವರ್ಷಕ್ಕೊಮ್ಮೆ ಹೋಗಿ ಹಳೇ ವಾಸನೆ ಹಚ್ಚಿಕೊಂಡು ಬರುತ್ತೇವೆ.

ಮೊನ್ನೆ ಅವ್ವ ಬಳ್ಳಾರಿಗೆ ಬಂದಿದ್ದಳು. ಬೆಳಿಗ್ಗೆ ಎದ್ದು ಮೆಟ್ಟಿಲ ಹತ್ತಿರ ಇರುವೆ ಸಾಲು ನೋಡಿದವಳೇ ಒಳಗೆ ಹೋಗಿ ಜೋಳದ ಹಿಟ್ಟು ತಂದು ಉದುರಿಸಿದಳು. ಉದ್ದ ಮೀಸೆಯ ಇರುವೆಗಳು ಹಿಟ್ಟನ್ನು ಸುತ್ತಿ ಬಂದು, ಮೀಸೆ ಆಡಿಸಿ, ಮುಂದೆ ಹೋದವು. ಅವ್ವನಿಗೆ ಬೇಜಾರಾಯಿತು.

"ಹಿಟ್ಟು ತಿನ್ನಂಗಿಲ್ಲಲ್ಲೋ ಇವು. ಯಾವೂರ್ವು?"

ನಾನು ಹಡಗು, ಕುಂಡ ಅಂತೆಲ್ಲ ಹೇಳಲು ಶುರುಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಸಣ್ಣ ಬೆಲ್ಲದ ಚೂರು ತಂದು ಇಟ್ಟು, ಮೊಣಕಾಲು ಹಿಡಿದುಕೊಂಡು ಕೂತಳು. ಎರಡೂ ಕಡೆಯಿಂದ ಬಂದವು. ಬಚ್ಚಲ ಕಡೆಯವು, ಕುಂಡದ ಕಡೆಯವು.

"ಕಾಕಾನ ಮಗ ಬೆಂಗಳೂರಾಗ ಸಿಕ್ಕಿದ್ದ," ಅಂದೆ. "ಮನಿಗೆ ಕರಕೊಂಡು ಹೋಗಿ ಊಟಕ್ಕ ಹಾಕಿದ. ನಿನ್ನನ್ನೂ ಕೇಳಿದ."

"ಛಲೋ ಆತು," ಅಂದಳು ಅವ್ವ. ಬೆಲ್ಲದ ಚೂರು ಆಗಲೇ ಅಲುಗಾಡುತ್ತಿತ್ತು.

"ಊರಾಗ ಚಿಗವ್ವ ಮಾತಾಡಿಸ್ತಾಳೇನು?"

"ಊರಾಗ?" ಅಂದಳು. "ಊರಾಗ ಎಲ್ಲಿ ಮಾತಾಡ್ಸ್ತಾಳಪ್ಪ."